ಟ್ರ್ಯಾಕ್ಟರ್ ಡೀಸೆಲ್‌ಗೆ ನ್ಯಾನೊ ಪುಡಿ ಬೆರೆಸಬಹುದೇ?

ಪ್ರಶ್ನೆ: ಡೀಸೆಲ್‌ಗೆ ಸೀರಿಯಂ ಆಕ್ಸೈಡಿನ ನ್ಯಾನೊ (ಅತಿ ಸೂಕ್ಷ್ಮ) ಪುಡಿ ಬೆರೆಸಿದರೆ ಹೊಗೆ ತಗ್ಗುತ್ತದಂತೆ. ನಮ್ಮ ಹಳೆಯ ಟ್ರ್ಯಾಕ್ಟರ್ ಕಪ್ಪು ಹೊಗೆ ಬಿಡುತ್ತದೆ. ಪುಡಿ ತರಿಸಿ ನಾವೇ ಬೆರೆಸಬಹುದೇ?
– ಓದುಗರು, ರಾಣೆಬೆನ್ನೂರು

ಉತ್ತರ: ದಯವಿಟ್ಟು ಬೆರೆಸಬೇಡಿ. ನೀವು ಕೇಳಿದ್ದು ಸುಳ್ಳೇನಲ್ಲ. ಸೀರಿಯಂ ಎಂಬ ಲೋಹದ ಈ ಆಕ್ಸೈಡ್ ಬಿಸಿಯಲ್ಲಿ ತನ್ನ ಆಮ್ಲಜನಕ ಬಿಟ್ಟುಕೊಟ್ಟು ಮಸಿಯನ್ನು ಸುಡುತ್ತದೆ, ಗಾಳಿಯಿಂದ ಮತ್ತೆ ತುಂಬಿಕೊಳ್ಳುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉರಿಯುವ ಮಸಿ ಇದು ಜೊತೆಗಿದ್ದರೆ 450ರ ಆಸುಪಾಸಿನಲ್ಲೇ ಉರಿಯುತ್ತದೆ. 2000ದಲ್ಲಿ ಫ್ರಾನ್ಸಿನ ಪ್ಯೂಜೊ 607 ಕಾರಿಗೆ ಮಸಿ ಹಿಡಿಯುವ ಫಿಲ್ಟರ್ ಜೋಡಿಸಿದಾಗ ಬಳಸಿದ್ದೂ ಸೀರಿಯಂ ಸಂಯುಕ್ತವನ್ನೇ. ಆದರೆ ಅದಕ್ಕೆ ಬೇರೆಯೇ ಟ್ಯಾಂಕ್ ಇತ್ತು. ಡೀಸೆಲ್ ತುಂಬಿಸಿದಾಗಲೆಲ್ಲ ಕಾರೇ ಅಳೆದು ಬೆರೆಸಿಕೊಳ್ಳುತ್ತಿತ್ತು.

ಕಷ್ಟವಿರುವುದು ಬೆರೆಸುವುದರಲ್ಲಿ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ 25ರಿಂದ 100 ಪಿಪಿಎಂ (ತೂಕದಲ್ಲಿ ಹತ್ತು ಲಕ್ಷ ಪಾಲಿಗೆ ಇಷ್ಟು ಪಾಲು ಎಂಬ ಲೆಕ್ಕ) ಹಾಕುತ್ತಾರೆ. 50 ಪಿಪಿಎಂ ಎಂದರೆ 100 ಲೀಟರ್ ಡೀಸೆಲ್‌ಗೆ 4 ಗ್ರಾಂ ಚಿಲ್ಲರೆ. ಅಷ್ಟನ್ನು ಬೆರೆಸಲೂ ಸ್ಪ್ಯಾನ್ 80ರಂಥ ಸರ್ಫ್ಯಾಕ್ಟೆಂಟ್ (ಕಣಗಳು ಅಂಟಿಕೊಳ್ಳದಂತೆ ತಡೆಯುವ ರಾಸಾಯನಿಕ) ಸೇರಿಸಿ, ಶಬ್ದದ ಅಲೆಗಳಿಂದ ಕದಡುವ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಅರ್ಧದಿಂದ ಒಂದು ಗಂಟೆ ಇಡಬೇಕು. ಕೋಲಿನಿಂದ ಕಲಕಿದರೆ ಕಣಗಳು ಅಂಟಿಕೊಂಡು ಗಂಟುಕಟ್ಟಿ ಟ್ಯಾಂಕಿನ ತಳ ಸೇರುತ್ತವೆ. ದೊಡ್ಡ ಗಂಟುಗಳಿಂದ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅದನ್ನು ದಾಟಿದ ಸಣ್ಣವು ಪಂಪ್ ಸೇರುತ್ತವೆ. ಅಲ್ಲಿ ಡೀಸೆಲನ್ನು ಒತ್ತುವ ಪ್ಲಂಜರ್‌ಗೂ ಅದು ಆಡುವ ಬ್ಯಾರೆಲ್‌ಗೂ ನಡುವಿನ ಸಂದು 2–3 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಷ್ಟೆ. ಕನ್ನಡಕದ ಗಾಜಿಗೆ ಪಾಲಿಶ್ ಹೊಡೆಯುವುದೂ ಸೀರಿಯಂ ಆಕ್ಸೈಡಿನಿಂದಲೇ ಎಂಬುದು ನೆನಪಿರಲಿ. ಪಂಪ್, ನಾಜಲ್ ಸವೆದರೆ ಹೊಗೆ ಇನ್ನೂ ಹೆಚ್ಚುತ್ತದೆ. ಮೇಲಾಗಿ ಸೀರಿಯಂ ಉರಿದು ಹೋಗುವಂಥದ್ದಲ್ಲ. ಮಸಿ ಫಿಲ್ಟರ್ ಇಲ್ಲದ ಟ್ರ್ಯಾಕ್ಟರಿನಲ್ಲಿ ಅದು ಸೈಲೆನ್ಸರ್‌ನಿಂದ ಹೊರಬಿದ್ದು ನಡೆಸುವವರ ಉಸಿರಿಗೇ ಸೇರುತ್ತದೆ.

ಹೊಗೆಗೆ ಮೊದಲು ಏರ್ ಕ್ಲೀನರ್ ನೋಡಿ. ಆಯಿಲ್ ಬಾತ್ ಆದರೆ ಬಟ್ಟಲು ತೊಳೆದು ಹೊಸ ಆಯಿಲ್ ಗುರುತಿನವರೆಗೆ ಮಾತ್ರ ಹಾಕಿ. ಆಮೇಲೆ ನಾಜಲ್ ಬಿಚ್ಚಿಸಿ ಟೆಸ್ಟರ್‌ಗೆ ಹಾಕಿಸಿ. ಡೀಸೆಲ್ ಮಂಜಿನಂತೆ ಚಿಮ್ಮದೆ ತೊಟ್ಟಿಕ್ಕುತ್ತಿದ್ದರೆ ನಾಜಲ್ ಬದಲಿಸಿ. ಆಗಲೂ ಹೊಗೆ ನಿಲ್ಲದಿದ್ದರೆ ಪಂಪ್ ಟೈಮಿಂಗ್ ನೋಡಿಸಿ. ಹೆಚ್ಚಿನ ಹೊಗೆ ಇಷ್ಟರಲ್ಲೇ ಹತೋಟಿಗೆ ಬರುತ್ತದೆ.

ಪ್ರಶ್ನೆ: ಇಂಧನ ತಯಾರಿಕೆಯಲ್ಲಿ ನ್ಯಾನೊ ವಸ್ತುಗಳು ಬಳಕೆಯಲ್ಲಿವೆಯೇ?
– ಓದುಗರು, ಮಂಗಳೂರು

ಉತ್ತರ: ಬಹಳ ಕಾಲದಿಂದ ಇವೆ. ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ಮಾನದಂಡದ ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ಮೀರುವಂತಿಲ್ಲ. ಅದನ್ನು ತೆಗೆಯಲು ರಿಫೈನರಿಗಳು ಡೀಸೆಲನ್ನು ಹೈಡ್ರೋಜನ್ ಜೊತೆ ಹೆಚ್ಚಿನ ಒತ್ತಡದಲ್ಲಿ, 350 ಡಿಗ್ರಿ ಆಸುಪಾಸಿನಲ್ಲಿ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು) ಮೂಲಕ ಹಾಯಿಸುತ್ತವೆ. ಅದರಲ್ಲಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಮೇಲೆ ಕೆಲವೇ ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಅಗಲದ ಮಾಲಿಬ್ಡಿನಂ ಸಲ್ಫೈಡ್ ಪದರಗಳಿರುತ್ತವೆ. ಗಂಧಕ ಕಳಚಿಕೊಳ್ಳುವುದು ಮುಖ್ಯವಾಗಿ ಪದರದ ಅಂಚಿನಲ್ಲಿ. ಪದರ ಚಿಕ್ಕದಾದಷ್ಟೂ ಅಂಚಿನ ಪಾಲು ಹೆಚ್ಚು. ಆ ಅಂಚಿಗೆ ಕೋಬಾಲ್ಟ್ ಸೇರಿಸಿ ಚುರುಕು ಹೆಚ್ಚಿಸುತ್ತಾರೆ. ದಿನ ಕಳೆದಂತೆ ಅಂಚಿನ ಮೇಲೆ ಇಂಗಾಲ ಕೂತು ಕೆಲಸ ಮಂದವಾಗುತ್ತದೆ. ಅದನ್ನು ಸರಿದೂಗಿಸಲು ರಿಯಾಕ್ಟರಿನ ಉಷ್ಣತೆಯನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋಗಿ, ಮಿತಿ ಮುಟ್ಟಿದಾಗ ಕ್ಯಾಟಲಿಸ್ಟ್ ಬದಲಿಸುತ್ತಾರೆ.