ಭಟ್ಟಿಯ ಕಾವು, ನರದ ಕಾಯಿಲೆ: ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ,

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಿಂದಲೇ ನಿಮ್ಮ ಅತ್ತಿಗೆಯವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದಿತೆಂದು ವಾದಿಸುವ ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಹಾಗೆಂದು ಕೈಬಿಡಲೂ ಮನಸ್ಸು ಬಾರದು. ಮದುವೆಯಾಗಿ ಬಂದ ಮರುವರ್ಷ ಅವರು ಒಲೆಯ ಮುಂದೆ ನಿಂತಿದ್ದಾಗ ಎಡಗಣ್ಣಿಗೆ ಮಂಜು ಕವಿದು, ಹೊರಗೆ ನೆರಳಿನಲ್ಲಿ ಕುಳಿತು ಮೈ ತಣಿದ ಮೇಲೆ ಚೀಲದ ಮೇಲಿನ ಅಕ್ಷರಗಳು ಮತ್ತೆ ಕಂಡವೆಂದು ಬರೆದಿದ್ದೀರಿ. ಅಷ್ಟು ನಿಖರವಾಗಿ ನೋಡಿ ಬರೆಯುವವರು ಕಡಿಮೆ.

ತೊಡಕಿರುವುದು ಅದರಿಂದ ನೀವು ತೆಗೆದ ತೀರ್ಮಾನದಲ್ಲಿ. ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಮಿದುಳುಬಳ್ಳಿ ಮತ್ತು ಕಣ್ಣಿನ ನರಗಳ ಎಳೆಗಳನ್ನು ಸುತ್ತಿ ಕಾಯುವ ಮಯಲಿನ್ ಎಂಬ ಹೊದಿಕೆಯನ್ನು ಹಾಳುಗೆಡವುತ್ತದೆ. ಹೊದಿಕೆ ಸವೆದ ನರದಲ್ಲಿ ಮೈಬಿಸಿ ತುಸು ಏರಿದರೂ ಸಂದೇಶ ಸಾಗುವುದು ಕುಂಠಿತವಾಗುತ್ತದೆ, ತಣಿದರೆ ಸರಿಹೋಗುತ್ತದೆ. ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಉಥಾಫ್ 1890ರಲ್ಲೇ ಇಂಥ ರೋಗಿಗಳನ್ನು ವರ್ಣಿಸಿದ್ದರು. ಭಟ್ಟಿಯ ಕಾವು ಒಳಗಿದ್ದ ಕಾಯಿಲೆಯನ್ನು ಹೊರಗೆ ಕಾಣಿಸಿತೇ ಹೊರತು, ಭಟ್ಟಿಯೇ ಆ ಕಾಯಿಲೆಯನ್ನು ತಂದಿತೆನ್ನಲು ನಿಮ್ಮ ಬಳಿ ಆಧಾರವಿಲ್ಲ.

ಪರಿಸರದ ಪಾತ್ರ ಇದೆ, ಆದರೆ ಅದು ನೀವು ಹುಡುಕಿದ ಕಡೆ ಇಲ್ಲ. 2022ರಲ್ಲಿ ಪ್ರಕಟವಾದ, ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೇನಾ ಸಿಬ್ಬಂದಿಯ ದಾಖಲೆಗಳನ್ನು ಆಧರಿಸಿದ ಅಧ್ಯಯನವು, ಎಪ್‌ಸ್ಟೀನ್-ಬಾರ್ ವೈರಸ್ ಸೋಂಕಿನ ನಂತರ ಈ ಕಾಯಿಲೆಯ ಅಪಾಯ 32 ಪಟ್ಟು ಏರುತ್ತದೆಂದು ತೋರಿಸಿತು. ಆ ವೈರಸ್ಸಾದರೋ ವಯಸ್ಕರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೂ ಮಿಕ್ಕಿ ಇರುತ್ತದೆ, ಕಾಯಿಲೆ ಬರುವುದು ಮಾತ್ರ ತೀರ ಕೆಲವರಿಗೆ. ಹಾಗಾಗಿ ಅದೊಂದೇ ಸಾಲದು. ಆನುವಂಶಿಕ ಒಲವು, ಧೂಮಪಾನ, ಹದಿಹರೆಯದ ಬೊಜ್ಜು, ಬಿಸಿಲಿನ ಮತ್ತು ಡಿ ಜೀವಸತ್ವದ ಕೊರತೆ ಇವೆಲ್ಲ ಅದರೊಡನೆ ಕೂಡುತ್ತವೆ. ಒಂದು ದೇಶದಿಂದ ಇನ್ನೊಂದಕ್ಕೆ ವಲಸೆ ಹೋದವರ ಅಧ್ಯಯನಗಳಲ್ಲಿ, ಬಾಲ್ಯದಲ್ಲೇ ಹೋದವರಿಗೆ ಹೊಸ ನೆಲದ ಅಪಾಯವೇ ಹೆಚ್ಚಾಗಿ ಅಂಟುವುದು ಕಂಡಿದೆ. ಆದ್ದರಿಂದ ನೀವು ಕೇಳಬೇಕಾದದ್ದು ಅತ್ತಿಗೆಯವರು ಮದುವೆಗೆ ಮುಂಚೆ, ಹತ್ತು ಹದಿನೈದರ ವಯಸ್ಸಿನಲ್ಲಿ, ಎಲ್ಲಿ ಹೇಗೆ ಬೆಳೆದರು ಎಂಬುದನ್ನು.

ಹದಿನಾಲ್ಕು ಡಿಗ್ರಿ ಅಕ್ಷಾಂಶದ ನಮ್ಮೂರಲ್ಲಿ ಬಿಸಿಲಿಗೇನು ಬರ ಎಂಬ ನಿಮ್ಮ ಪ್ರಶ್ನೆ ಚೆನ್ನಾಗಿದೆ. ಉತ್ತರ ಯುರೋಪಿಗಿಂತ ಭಾರತದಲ್ಲಿ ಈ ಕಾಯಿಲೆ ವಿರಳವೆಂಬುದೂ ನಿಜ. ಆದರೆ ಬಯಲಿಗೆ ಬೀಳುವ ಬಿಸಿಲೆಲ್ಲ ಮೈಗೆ ಬೀಳುವುದಿಲ್ಲ. ದಿನವಿಡೀ ಸೂರಿನಡಿ ದುಡಿಯುವವರಲ್ಲಿ ಡಿ ಜೀವಸತ್ವದ ಕೊರತೆ ನಮ್ಮಲ್ಲೂ ಸಾಮಾನ್ಯ. ಇದನ್ನು ಬೆಳೆಸಿ ಬರೆಯಿರಿ.

ಚಿತ್ರದುರ್ಗದ ಫ್ಲೋರೈಡ್ ನೀರನ್ನು ಇಲ್ಲಿಗೆ ಎಳೆದು ತಂದದ್ದು ಅನಗತ್ಯ; ಅದು ಕೆಡಿಸುವುದು ಹಲ್ಲು ಮೂಳೆಗಳನ್ನು. ಭಟ್ಟಿಯ ಹೊಗೆ ಶ್ವಾಸಕೋಶಕ್ಕೆ ಮಾಡುವ ಹಾನಿಯೇ ಬೇರೊಂದು ಲೇಖನಕ್ಕೆ ಸಾಕಾಗುವಷ್ಟಿದೆ, ಅದನ್ನೂ ನೀವೇ ಬರೆಯಬಹುದು. ಔಷಧ ಬಿಟ್ಟು ಎಳೆಬಿಸಿಲು ಕಾಯಿಸಿಕೊಳ್ಳಿರೆಂಬ ಕೊನೆಯ ಪ್ಯಾರಾವನ್ನಂತೂ ಪೂರ್ತಿ ತೆಗೆಯಿರಿ, ತಿದ್ದಿದ ಪ್ರತಿಯನ್ನು ಒಬ್ಬ ನರರೋಗ ತಜ್ಞರಿಗೆ ತೋರಿಸಿ, ಅತ್ತಿಗೆಯವರ ಲಿಖಿತ ಒಪ್ಪಿಗೆಯೊಡನೆ ಕಳಿಸಿರಿ.

ಇತಿ,
ಸಂಪಾದಕ