ಒಂದೇ ರೂಟರ್‌ನಲ್ಲಿ ಕೇಬಲ್ಲೂ ವೈಫೈಯೂ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ?

ನಿಮ್ಮ ಪ್ರಶ್ನೆಯಲ್ಲಿ ಮೂರು ವಿಷಯ ಇದೆ. ರೂಟರ್ ಜಗುಲಿಯಲ್ಲಿದೆ, ಮೆತ್ತಿನ ಮೇಲಿನ ಕೋಣೆಗೆ ಕೇಬಲ್ ಎಳೆದರೆ ಉಳಿದವರ ವೈಫೈ ನಿಧಾನ ಆಗುತ್ತದಾ? ಕೇಬಲ್ ಹಾಕಿದ ಲ್ಯಾಪ್‌ಟಾಪಿಂದ ವೈಫೈ ಪ್ರಿಂಟರಿಗೆ ಪ್ರಿಂಟ್ ಕೊಡಬಹುದಾ? 100 ಎಂಬಿಪಿಎಸ್ ವೇಗದ ಪ್ಲಾನ್ ಇದ್ದೂ ಮೇಲೆ 8 ಮಾತ್ರ ಯಾಕೆ ಬರುತ್ತಿದೆ?

ನಾನೂ ಶಿರಸಿ ಹತ್ತಿರದ ಹಳ್ಳಿಯವನೇ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವನು ಇಲ್ಲೇ ಉಳಿದು ಮನೆಯಿಂದ ಕೆಲಸ ಮಾಡುತ್ತಿದ್ದೇನೆ. ಹಳೇ ಮನೆ, ದಪ್ಪ ಗೋಡೆ, ಉದ್ದ ಜಗುಲಿ. ನಿಮ್ಮ ಕಷ್ಟ ಚೆನ್ನಾಗಿ ಗೊತ್ತು.

ಮೊದಲ ಎರಡಕ್ಕೆ ಉತ್ತರ ಸುಲಭ. ವೈಫೈ ನಿಧಾನ ಆಗುವುದಿಲ್ಲ, ಬದಲಿಗೆ ಉಳಿದವರಿಗೆ ಸ್ವಲ್ಪ ಹಗುರ ಆಗುತ್ತದೆ. ಪ್ರಿಂಟ್ ಖಂಡಿತ ಕೊಡಬಹುದು. ಯಾಕೆ ಅಂದರೆ, ನಾವು ರೂಟರ್ ಅನ್ನುವ ಡಬ್ಬಿಯೊಳಗೆ ಮೂರು ಯಂತ್ರಗಳಿವೆ. ಒಂದು, ಹೊರಗಿನ ಇಂಟರ್‌ನೆಟ್ಟಿಗೂ ಮನೆಗೂ ನಡುವೆ ನಿಲ್ಲುವ ನಿಜವಾದ ರೂಟರ್. ಇನ್ನೊಂದು, ಮನೆಯ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್. ಹಿಂದೆ ಕಾಣುವ, ಮನೆಯೊಳಗಿನ ಕೇಬಲ್ ಸಿಕ್ಕಿಸುವ ಎರಡೋ ನಾಲ್ಕೋ ಲ್ಯಾನ್ ತೂತುಗಳು ಇದರವು. ಮೂರನೆಯದು ವೈಫೈ ರೇಡಿಯೋ. ಈ ರೇಡಿಯೋ ಒಳಗಿಂದ ಸ್ವಿಚ್ಚಿಗೇ ಸೇರಿಕೊಂಡಿರುತ್ತದೆ. ಸ್ವಿಚ್ಚಿನ ಲೆಕ್ಕಕ್ಕೆ ವೈಫೈ ಕೂಡ ಇನ್ನೊಂದು ತೂತು, ಅದರ ತಂತಿ ಮಾತ್ರ ಗಾಳಿ. ಹಾಗಾಗಿ ಕೇಬಲಿನವರೂ ವೈಫೈಯವರೂ ಒಂದೇ ಮನೆಯ ಮಂದಿ. ಎಲ್ಲರಿಗೂ 192.168.1.5, 192.168.1.6 ಅಂತ ಒಂದೇ ಸಾಲಿನ ನಂಬರನ್ನು ರೂಟರ್ರೇ ಹಂಚುತ್ತದೆ. ಪ್ರಿಂಟರ್ ಕಾಣದಿದ್ದರೆ ಅದು ಗೆಸ್ಟ್ ವೈಫೈಗೆ ಸೇರಿದೆಯಾ ನೋಡಿ. ಗೆಸ್ಟ್ ಅಂದರೆ ನೆಂಟರಿಗೆ ಕೊಡುವ ವೈಫೈ, ಅದನ್ನು ಬೇಕೆಂದೇ ಬೇರೆ ಇಟ್ಟಿರುತ್ತಾರೆ.

ಈಗ 8 ಎಂಬಿಪಿಎಸ್ ವಿಷಯ. ಮುಖ್ಯವಾದದ್ದು ಇದೇ.

ತೋಟಕ್ಕೆ ಹೋಗುವ ದಾರಿಯಲ್ಲಿ ಹಳ್ಳಕ್ಕೆ ಹಾಕಿದ ಕಾಲುಸಂಕ ನೋಡಿದ್ದೀರಲ್ಲ? ವೈಫೈ ಥೇಟ್ ಅದೇ. ಒಂದು ಸಲಕ್ಕೆ ಒಬ್ಬರೇ ದಾಟಬೇಕು. ಆ ಕಡೆಯಿಂದ ಯಾರಾದರೂ ಬರುತ್ತಿದ್ದರೆ ಈ ಕಡೆಯವರು ಕಾಯಬೇಕು. ಫೋನು ಮಾತಾಡುವಾಗ ರೂಟರ್ ಸುಮ್ಮನಿರಬೇಕು, ರೂಟರ್ ಮಾತಾಡುವಾಗ ಫೋನುಗಳು ಸುಮ್ಮನಿರಬೇಕು. ಒಬ್ಬರು ದಾಟಿದ ಮೇಲೆ 'ಮುಟ್ಟಿತು' ಅನ್ನುವ ಉತ್ತರವೂ ಅದೇ ಸಂಕದ ಮೇಲೆ ವಾಪಸ್ ಬರಬೇಕು. ಅದಕ್ಕೇ ಫೋನಿನಲ್ಲಿ ಲಿಂಕ್ ಸ್ಪೀಡ್ 433 ಅಂತ ಕಂಡರೂ ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು. ವೈಫೈ 6 ಅನ್ನುವ ಹೊಸ ತಲೆಮಾರಿನ ವೈಫೈಯಲ್ಲಿ ಕೆಲವರನ್ನು ಒಟ್ಟಿಗೆ ದಾಟಿಸುವ ಉಪಾಯ ಇದೆ, ಆದರೆ ಗಾಳಿ ಹಂಚಿಕೊಳ್ಳುವುದು ತಪ್ಪುವುದಿಲ್ಲ.

ಸಂಕದ ಮೇಲೆ ಒಬ್ಬರು ತೀರಾ ನಿಧಾನಕ್ಕೆ ನಡೆದರೆ ಹಿಂದಿನವರೆಲ್ಲ ನಿಲ್ಲಬೇಕು, ಅಲ್ವಾ? ಮೆತ್ತಿನ ಮೇಲಿನ ನಿಮ್ಮ ಲ್ಯಾಪ್‌ಟಾಪ್ ಆ ನಿಧಾನದವರು. ಸಿಗ್ನಲ್ ಕಡಿಮೆ ಇದ್ದಾಗ ಅದು ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತಾಡುತ್ತದೆ. ಅಷ್ಟೇ ಡೇಟಾಕ್ಕೆ ಜಾಸ್ತಿ ಹೊತ್ತು ಸಂಕ ಹಿಡಿದುಕೊಳ್ಳುತ್ತದೆ. ಅದನ್ನು ಕೇಬಲಿಗೆ ಹಾಕಿದರೆ ಜಗುಲಿಯ ಫೋನುಗಳೂ ಚುರುಕಾಗುವುದು ಇದಕ್ಕೇ. ಕೇಬಲಿನಲ್ಲಿ ಒಬ್ಬೊಬ್ಬರಿಗೂ ಅವರದೇ ರಸ್ತೆ. ಹೋಗುವುದಕ್ಕೂ ಬರುವುದಕ್ಕೂ ಏಕಕಾಲಕ್ಕೆ ಜಾಗ ಇದೆ. ಆದರೆ ಹೊರಗಿಂದ ಬರುವ 100 ಎಂಬಿಪಿಎಸ್ ಮಾತ್ರ ಎಲ್ಲರ ಪಾಲು. ಲ್ಯಾಪ್‌ಟಾಪಿನಲ್ಲಿ ದೊಡ್ಡ ಡೌನ್‌ಲೋಡ್ ಹಾಕಿದರೆ ಅದು ಹಂಚಿಯೇ ಹೋಗುತ್ತದೆ.

ಗೋಡೆಯದ್ದೂ ತಪ್ಪಿದೆ. ರೂಟರ್‌ನಲ್ಲಿ ಎರಡು ವೈಫೈ ಹೆಸರು ಕಾಣುತ್ತಿರಬಹುದು, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 5 ಜೋರು, ಆದರೆ ಗೋಡೆ ದಾಟುವ ತಾಕತ್ತು ಕಡಿಮೆ. 2.4 ಸ್ವಲ್ಪ ದೂರ ಹೋಗುತ್ತದೆ, ವೇಗ ಕಡಿಮೆ. ನಮ್ಮ ಕಡೆಯ ಚಿರೆಕಲ್ಲು, ಮಣ್ಣಿನ ಗೋಡೆ ಎರಡಕ್ಕೂ ಕಷ್ಟ. ಮಳೆಗಾಲದಲ್ಲಿ ಗೋಡೆ ಥಂಡಿ ಹಿಡಿದರೆ ಇನ್ನೂ ಕಷ್ಟ, ನೀರು ಈ ಅಲೆಗಳನ್ನು ಹೀರಿಬಿಡುತ್ತದೆ. ರೂಟರನ್ನು ಕಬ್ಬಿಣದ ಕಪಾಟಿನ ಹಿಂದೆ ಮಾತ್ರ ಇಡಬೇಡಿ.

ಹಾಗಾಗಿ ಕೇಬಲ್ ಎಳೆಯಿರಿ. ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್ ತಗೊಳ್ಳಿ, ಒಂದು ಎಳೆತಕ್ಕೆ 100 ಮೀಟರ್ ತನಕ ನಡೆಯುತ್ತದೆ. ಅಂಗಡಿಯಲ್ಲಿ 'ಪೂರ್ತಿ ತಾಮ್ರದ್ದಾ?' ಅಂತ ಕೇಳಿ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಹಾಕಿದ್ದು ಅಗ್ಗ, ಆದರೆ ಬೇಗ ಮುರಿಯುತ್ತದೆ. ಒಳಗೆ ಎಂಟು ಎಳೆ ಇರುತ್ತವೆ. ಅದರಲ್ಲಿ ನಿಗದಿಯಾದ ನಾಲ್ಕು ಕೂಡಿದರೂ 100 ಎಂಬಿಪಿಎಸ್ ವೇಗದಲ್ಲಿ ನಡೆಯುತ್ತದೆ, ಎಂಟೂ ಸರಿಯಾಗಿ ಕೂಡಿದರೆ ಮಾತ್ರ 1000. ಉಳಿದ ನಾಲ್ಕರಲ್ಲಿ ಒಂದು ಎಳೆ ಕೈ ಕೊಟ್ಟರೂ ಸದ್ದಿಲ್ಲದೆ 100ಕ್ಕೆ ಇಳಿಯಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಅಟ್ಟದ ಮೇಲೆ ಹಾಯಿಸುವುದಾದರೆ ಪೈಪಿನೊಳಗೆ ಹಾಕಿ, ಇಲಿ ಬಿಡುವುದಿಲ್ಲ.

ಮೇಲೆ ಫೋನಿಗೂ ವೈಫೈ ಬೇಕಿದ್ದರೆ, ವೈಫೈ ಹಿಡಿದು ಮತ್ತೆ ಗಾಳಿಯಲ್ಲೇ ಮುಂದೆ ಕಳಿಸುವ ರಿಪೀಟರ್ ಕೊಳ್ಳಬೇಡಿ. ಸಾಮಾನ್ಯ ರಿಪೀಟರ್ ಅದೇ ಸಂಕದ ಮೇಲೆ ಪ್ರತಿ ಮಾತನ್ನೂ ಎರಡು ಸಲ ದಾಟಿಸುತ್ತದೆ. ಮನೆಯಲ್ಲಿ ಹಳೇ ವೈಫೈ ರೂಟರ್ ಇದ್ದರೆ ಅದೇ ಸಾಕು. ಮೊದಲು ಅದನ್ನು ಒಂಟಿಯಾಗಿ ಲ್ಯಾಪ್‌ಟಾಪಿಗೆ ಸೇರಿಸಿ ಅದರ ನಂಬರ್ 192.168.1.2 ಮಾಡಿ. ಮೊದಲ ರೂಟರ್ 192.168.1.1 ಆಗಿದ್ದು, ಈ ನಂಬರನ್ನು ಬೇರೆ ಯಾರಿಗೂ ಹಂಚದಿದ್ದರೆ ಇದು ಹೊಂದುತ್ತದೆ. ಅದರಲ್ಲಿ ನಂಬರ್ ಹಂಚುವ ಕೆಲಸ, ಅಂದರೆ ಡಿಎಚ್‌ಸಿಪಿ, ಆಫ್ ಮಾಡಿ, ಇಲ್ಲದಿದ್ದರೆ ಇಬ್ಬರೂ ನಂಬರ್ ಹಂಚಲು ಹೋಗಿ ಗೊಂದಲ ಆಗುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಕೆಳಗಿನದ್ದೇ ಇಡಿ. ಒಂದಕ್ಕೊಂದು ಅಡ್ಡ ಬರದಂತೆ 2.4ರಲ್ಲಿ ಒಂದು ರೂಟರಿಗೆ ಚಾನೆಲ್ 1, ಇನ್ನೊಂದಕ್ಕೆ 6 ಕೊಡಿ. ಕೊನೆಗೆ ಕೆಳಗಿಂದ ಬಂದ ಕೇಬಲನ್ನು ಅದರ ಲ್ಯಾನ್ ತೂತಿಗೆ ಹಾಕಿ, ಹೊರಗಿನ ಇಂಟರ್‌ನೆಟ್ಟಿಗೆಂದು ಇರುವ ವ್ಯಾನ್ ತೂತಿಗೆ ಅಲ್ಲ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಲೇಬೇಕು. ಅಡಿಕೆ ಒಣಗಿಸುವ ಅಂಗಳಕ್ಕೆ ಕ್ಯಾಮೆರಾ ಇಡಲು ನಾನು ಮನೆಯಿಂದ ಹೊರಗೆ ಸುಮಾರು 60 ಮೀಟರ್ ಇದೇ ಕೇಬಲ್ ಎಳೆದಿದ್ದೆ, ಮರಕ್ಕೆ ಕಟ್ಟಿ. ಮೇ ತಿಂಗಳ ಒಂದು ಸಂಜೆ ಗುಡುಗು ಶುರುವಾಯಿತು. ರೂಟರ್ ಅಡಾಪ್ಟರ್ ಕಿತ್ತಿಟ್ಟೆ, ಕೇಬಲ್ ಕೀಳಲಿಲ್ಲ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿಯಿತು. ಕ್ಯಾಮೆರಾ ಹೋಯಿತು, ರೂಟರ್ ಹೋಯಿತು, ಇನ್ನೊಂದು ಕೇಬಲಿನಲ್ಲಿದ್ದ ಲ್ಯಾಪ್‌ಟಾಪಿನ ಲ್ಯಾನ್ ತೂತೂ ಹೋಯಿತು. ಸಿಡಿಲು ನೇರ ಬಡಿಯಲೇಬೇಕೆಂದಿಲ್ಲ, ಹತ್ತಿರ ಬಿದ್ದರೂ ಉದ್ದದ ತಾಮ್ರದಲ್ಲಿ ಕರೆಂಟ್ ಹುಟ್ಟುತ್ತದೆ. ಈಗ ಅಂಗಳಕ್ಕೆ ಲೋಹದ ತಂತಿ ಇಲ್ಲದ ಫೈಬರ್ ಎಳೆದು, ಎರಡು ತುದಿಗೂ ಫೈಬರನ್ನು ತಾಮ್ರದ ಕೇಬಲಿಗೆ ಜೋಡಿಸುವ ಡಬ್ಬಿ, ಅಂದರೆ ಮೀಡಿಯಾ ಕನ್ವರ್ಟರ್, ಹಾಕಿದ್ದೇನೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ.

ನಿಮ್ಮ ಕೇಬಲ್ ಮನೆಯೊಳಗೇ ಇರುವುದರಿಂದ ಅಷ್ಟು ಅಪಾಯ ಇಲ್ಲ. ಆದರೂ ಗುಡುಗು ಶುರುವಾಗುವ ಮೊದಲೇ ಅಡಾಪ್ಟರ್ ಜೊತೆ ಲ್ಯಾಪ್‌ಟಾಪಿನ ಕೇಬಲನ್ನೂ ಕಿತ್ತುಬಿಡಿ. ಅಷ್ಟು ಹೊತ್ತು ಮೊಬೈಲ್ ಡೇಟಾದಲ್ಲಿ ಕೆಲಸ ಮುಂದುವರಿಸಿ.