ಸ್ಟಾರ್ ಟ್ರೆಕ್ ವಾಯೇಜರ್ ಟೀವಿ ಸರಣಿಯ ಮುಂದಿನ ಕಥೆ ಹೇಳುವ ಕಾದಂಬರಿಗಳನ್ನು ಓದಬಹುದಾ? ಓದಿದವರಿಗೆಲ್ಲ ಯಾಕೆ ಅಷ್ಟು ಬೇಸರ?

ಏಳೂ ಸೀಸನ್ ಮುಗಿಸಿ, "ಇಷ್ಟೇನಾ?" ಅನ್ನಿಸಿ, ಮುಂದಿನ ಕಥೆ ಪುಸ್ತಕಗಳಲ್ಲಿದೆ ಅಂತ ಯಾರೋ ಹೇಳಿದ ಮೇಲೆ ನೀವು ಈ ಪ್ರಶ್ನೆ ಕೇಳಿದ್ದೀರಿ. ನಾನೂ ಅದೇ ದಾರಿಯಲ್ಲಿ ಹೋಗಿ ಬಂದವನು. ಓದಿ. ಆದರೆ ಎಲ್ಲಿಂದ ಶುರು ಮಾಡ್ತೀರಿ ಅನ್ನೋದು ಮುಖ್ಯ. ಯಾಕೆ ಅಂತ ಹೇಳೋಕೆ ಹೊರಟರೆ ಕಥೆಯ ಗುಟ್ಟೆಲ್ಲ ರಟ್ಟಾಗುತ್ತೆ. ಬೇಡ ಅಂದರೆ ಇಲ್ಲೇ ನಿಲ್ಲಿಸಿಬಿಡಿ.

ಕೊನೆಯ ಎಪಿಸೋಡ್ "ಎಂಡ್‌ಗೇಮ್" ನೋಡುವಾಗ ಅಮ್ಮ ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ಅವರಿಗೆ ಕಥೆ ಎರಡೇ ಮಾತಲ್ಲಿ ಹೇಳಿದ್ದೆ. ವಾಯೇಜರ್ ಅನ್ನೋ ಬಾಹ್ಯಾಕಾಶ ಹಡಗನ್ನು ಯಾರೋ ಎತ್ತಿ 70,000 ಜ್ಯೋತಿರ್ವರ್ಷ ಆಚೆ ಎಸೆದಿದ್ದಾರೆ. ಪೂರ್ತಿ ವೇಗದಲ್ಲಿ ಬಂದರೂ ಊರು ಸೇರೋಕೆ 75 ವರ್ಷ ಬೇಕು. ಅವರು ಏಳು ವರ್ಷದಲ್ಲಿ ಬಂದುಬಿಡುತ್ತಾರೆ. ಭೂಮಿ ಕಾಣುತ್ತೆ, ಸುತ್ತ ಬೇರೆ ಹಡಗುಗಳು ಬಂದು ಸೇರುತ್ತವೆ, ಕ್ಯಾಪ್ಟನ್ ಜೇನ್‌ವೇ ಮನೆ ಕಡೆ ನಡೆಸಿ ಅನ್ನುತ್ತಾರೆ. ಮುಗೀತು. ಅಮ್ಮ ತಲೆ ಎತ್ತಿ ನೋಡಿ, "ಅಯ್ಯೋ, ಅಷ್ಟು ದೂರದಿಂದ ಬಂದವರಿಗೆ ಕಾಲಿಗೆ ನೀರೂ ಕೊಡಲಿಲ್ವಾ?" ಅಂದರು.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದೇ. ಯೋಚಿಸಿ ನೋಡಿ. 1995ರ ಜನವರಿಯಿಂದ 2001ರ ಮೇ ತನಕ ಈ ಸರಣಿ ಮಾತಾಡಿದ್ದೇ ಮನೆಗೆ ಹೋಗೋ ವಿಷಯ. ಹಡಗು ನಡೆಸೋ ಟಾಮ್ ಪ್ಯಾರಿಸ್‌ಗೂ ಅವನ ಅಡ್ಮಿರಲ್ ಅಪ್ಪನಿಗೂ ಮುನಿಸು. ಕಿರಿಯ ಅಧಿಕಾರಿ ಹ್ಯಾರಿ ಕಿಮ್‌ಗೆ ಅಪ್ಪ ಅಮ್ಮನ ನೆನಪು, ಬಿಟ್ಟು ಬಂದ ಹುಡುಗಿಯ ನೆನಪು. ಜೇನ್‌ವೇ ಮದುವೆಯಾಗಬೇಕಿದ್ದವನು ಕಾದು ಕಾದು ಬೇರೆ ಮದುವೆಯಾದ. ಇದನ್ನೆಲ್ಲ ನಾವು ಏಳು ವರ್ಷ ಹೊತ್ತುಕೊಂಡು ಬಂದಿದ್ದೇವೆ. ಕೊನೆಗೆ ಟಾಮ್ ತಂದೆ ಪರದೆಯ ಮೇಲೆ ಕಾಣಿಸಿಕೊಂಡು ಎರಡು ಮಾತು ಆಡಿದ್ದೇ ಸ್ವಾಗತ. ತಮಾಷೆ ಏನು ಗೊತ್ತಾ? ಅದೇ ಎಪಿಸೋಡ್‌ನ ಶುರುವಿನಲ್ಲಿ ಹಡಗಿನವರು ಮನೆಯಲ್ಲಿ ಸೇರಿ ಮಾತಾಡೋದು ಕಾಣುತ್ತೆ. ಆದರೆ ಅದು ಹಡಗು 23 ವರ್ಷಕ್ಕೆ ಊರು ಸೇರಿದ ಇನ್ನೊಂದು ಭವಿಷ್ಯ. ಕಥೆ ಮುಗಿಯೋ ಹೊತ್ತಿಗೆ ಆ ಭವಿಷ್ಯವೇ ಅಳಿಸಿಹೋಗಿರುತ್ತೆ. ತೋರಿಸಿದ ಮನೆ ನಿಜವಲ್ಲ, ನಿಜವಾದ ಮನೆ ತೋರಿಸಲಿಲ್ಲ.

ಹಾಗಾಗಿ 2003ರಲ್ಲಿ "ಹೋಮ್‌ಕಮಿಂಗ್" ಅನ್ನೋ ಹೆಸರಲ್ಲೇ ಕಾದಂಬರಿ ಬಂದಾಗ ಅಭಿಮಾನಿಗಳಿಗೆ ಎಷ್ಟು ಆಸೆ ಹುಟ್ಟಿರಬೇಕು! ಅದರ ಮುಂದಿನ ಭಾಗ "ದ ಫಾರ್ದರ್ ಶೋರ್" ಕೂಡ ಅದೇ ವರ್ಷ ಬಂತು. ನಾನು ಓದಿದ್ದು ಎಷ್ಟೋ ವರ್ಷ ಆದ ಮೇಲೆ, ಎರಡನ್ನೂ ಒಂದೇ ವಾರದಲ್ಲಿ. ಶುರು ಚೆನ್ನಾಗಿದೆ. ಭೂಮಿ ಆಗ ತಾನೇ ಡೊಮಿನಿಯನ್ ಅನ್ನೋ ಶತ್ರು ಸಾಮ್ರಾಜ್ಯದ ಜೊತೆಗಿನ ಯುದ್ಧದಿಂದ ಸುಧಾರಿಸಿಕೊಳ್ಳುತ್ತಿದೆ, ಇವರನ್ನು ಹೊತ್ತು ಮೆರೆಸೋ ಮೂಡಿನಲ್ಲಿ ಯಾರೂ ಇಲ್ಲ. ಈ ಕಲ್ಪನೆ ನನಗೆ ತುಂಬಾ ಹಿಡಿಸಿತು. ಎಷ್ಟೋ ವರ್ಷ ಹೊರಗಿದ್ದು ಊರಿಗೆ ಬಂದವರಿಗೆ ಇದು ಗೊತ್ತು. ನಾವು ಕಾದಷ್ಟು ಊರು ನಮಗಾಗಿ ಕಾದಿರುವುದಿಲ್ಲ. ಇದನ್ನೇ ಇಟ್ಟುಕೊಂಡು ಎರಡು ಪುಸ್ತಕ ಬರೆಯಬಹುದಿತ್ತು.

ಬರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಭೂಮಿಯ ಮೇಲೆ ಬೋರ್ಗ್ (ಜೀವಿಗಳನ್ನು ಹಿಡಿದು ಅರ್ಧ ಯಂತ್ರ ಮಾಡಿ ತಮ್ಮೊಳಗೆ ಸೇರಿಸಿಕೊಳ್ಳೋ ಶತ್ರುಗಳು) ಸೋಂಕು ಹರಡುತ್ತೆ. ಹಿಂದೆ ಬೋರ್ಗ್ ಆಗಿದ್ದು ಆಮೇಲೆ ಹಡಗು ಸೇರಿದ ಸೆವೆನ್ ಮತ್ತು ಇಚೆಬ್ ಮೇಲೆ ಅನುಮಾನ ಬಂದು ಅವರನ್ನು ಕೂಡಿಹಾಕುತ್ತಾರೆ. ಹಾಲೊಗ್ರಾಂಗಳು, ಅಂದರೆ ಬೆಳಕಿನಿಂದ ಮಾಡಿದ ಕೃತಕ ಮನುಷ್ಯರು, ಹಕ್ಕುಗಳಿಗಾಗಿ ದಂಗೆ ಏಳುತ್ತಾರೆ, ತಾನೂ ಹಾಲೊಗ್ರಾಂ ಆದ ನಮ್ಮ ಹಡಗಿನ ಡಾಕ್ಟರ್ ಜೈಲು ಸೇರುತ್ತಾನೆ. ನನಗೆ ಜಾಸ್ತಿ ನಗು ಬಂದಿದ್ದು ಹ್ಯಾರಿ ಹುಡುಗಿ ಲಿಬ್ಬಿ ವಿಷಯದಲ್ಲಿ. ಸೀರಿಯಲ್‌ನಲ್ಲಿ ಅವಳು ಬಿಟ್ಟುಬಂದ ಪ್ರೀತಿ, ಅಷ್ಟೇ. ಕಾದಂಬರಿಯಲ್ಲಿ ಅವಳು ಸಂಗೀತಗಾರ್ತಿಯ ವೇಷದಲ್ಲಿರೋ ಸ್ಟಾರ್‌ಫ್ಲೀಟ್ (ಈ ಹಡಗುಗಳನ್ನು ನಡೆಸೋ ಪಡೆ) ಗುಪ್ತಚರಳು! ಏಳು ವರ್ಷ ಎನ್‌ಸೈನ್ ಅನ್ನೋ ಕೆಳಗಿನ ದರ್ಜೆಯಲ್ಲೇ ಉಳಿದ ಪಾಪದ ಹುಡುಗನಿಗೆ ಕೊನೆಗೂ ಲೆಫ್ಟಿನೆಂಟ್ ಬಡ್ತಿ ಸಿಗುತ್ತೆ, ಸಿಕ್ಕ ಹುಡುಗಿ ಗೂಢಚಾರಿಣಿ. ಸುಮ್ನೆ ಇಬ್ಬರೂ ಕೂತು ಎರಡು ಪುಟ ಮಾತಾಡಿದ್ದರೆ ಸಾಕಿತ್ತಲ್ವಾ?

ಭಾಷೆ ಕೆಟ್ಟದಾಗಿದೆ, ಲೇಖಕಿಗೆ ಬರೆಯೋಕೆ ಬರಲ್ಲ ಅಂತ ನಾನು ಹೇಳುತ್ತಿಲ್ಲ. ಸರಾಗವಾಗಿ ಓದಿಸಿಕೊಂಡು ಹೋಗುತ್ತೆ. ನಮಗೆ ಬೇಕಿದ್ದದ್ದು ಹಜಾರದಲ್ಲಿ ಕೂತು ಆಡೋ ಮಾತು, ಸಿಕ್ಕಿದ್ದು ಇನ್ನೊಂದು ಆಪತ್ತು. ಸೀರಿಯಲ್ ಅಂದಮೇಲೆ ಆಪತ್ತು ಇರಲೇಬೇಕು ಅನ್ನೋ ಅಭ್ಯಾಸ ಪುಸ್ತಕಕ್ಕೂ ಅಂಟಿಕೊಂಡುಬಿಟ್ಟಿದೆ. ಟೀವಿಗೆ 45 ನಿಮಿಷದ ಲೆಕ್ಕ ಇತ್ತು. ಪುಸ್ತಕಕ್ಕೆ ಯಾವ ಅವಸರ ಇತ್ತು ಹೇಳಿ?

ಇದಾದ ಮೇಲೆ 2004ರಲ್ಲಿ "ಸ್ಪಿರಿಟ್ ವಾಕ್" ಅಂತ ಎರಡು ಭಾಗ ಬಂದವು. ಅದರಲ್ಲಿ ಮೊದಲು ಜೇನ್‌ವೇ ಕೈಕೆಳಗಿದ್ದ ಚಕೋಟೇ ಹಡಗಿನ ಕ್ಯಾಪ್ಟನ್. ಅದರ ಬಗ್ಗೆ ನನಗೆ ಹೇಳೋಕೆ ಹೆಚ್ಚೇನೂ ಇಲ್ಲ.

ನಿಜವಾದ ಗಾಯ ಆಗಿದ್ದು 2007ರಲ್ಲಿ. "ಬಿಫೋರ್ ಡಿಸಾನರ್" ಅನ್ನೋ ಕಾದಂಬರಿಯಲ್ಲಿ ಜೇನ್‌ವೇ ಸಾಯುತ್ತಾರೆ. ಸತ್ತಿದ್ದಕ್ಕಿಂತ ಸತ್ತ ಜಾಗ ಜಾಸ್ತಿ ನೋವು ಕೊಟ್ಟಿತು. ಅದು ವಾಯೇಜರ್ ಪುಸ್ತಕವೇ ಅಲ್ಲ! ಇನ್ನೊಂದು ಸ್ಟಾರ್ ಟ್ರೆಕ್ ಸರಣಿಯ, ಕ್ಯಾಪ್ಟನ್ ಪಿಕಾರ್ಡ್ ತಂಡದ "ನೆಕ್ಸ್ಟ್ ಜನರೇಷನ್" ಸಾಲಿನ ಪುಸ್ತಕ. ಸತ್ತುಹೋಗಿದೆ ಅಂದುಕೊಂಡಿದ್ದ ಒಂದು ಬೋರ್ಗ್ ಕ್ಯೂಬ್ (ಬೋರ್ಗ್‌ಗಳ ಹಡಗು) ನೋಡೋಕೆ ಜೇನ್‌ವೇ ಹೋಗುತ್ತಾರೆ, ಅದು ಅವರನ್ನೇ ನುಂಗಿ ಬೋರ್ಗ್ ರಾಣಿಯನ್ನಾಗಿ ಮಾಡುತ್ತೆ. ವರ್ಷಗಟ್ಟಲೆ ಬೋರ್ಗ್‌ಗಳಿಗೆ ನೀರು ಕುಡಿಸಿದ ಹೆಂಗಸು ಬೇರೆಯವರ ಪುಸ್ತಕದಲ್ಲಿ ಅದೇ ಬೋರ್ಗ್ ಆಗಿ ಮುಗಿದುಹೋಗುತ್ತಾರೆ. ಅದೇ ಪುಸ್ತಕದಲ್ಲಿ ಆ ಕ್ಯೂಬ್ ಪ್ಲೂಟೊವನ್ನೂ ನುಂಗಿಬಿಡುತ್ತೆ. ಹಿಂದಿನ ವರ್ಷ ತಾನೇ ಪಾಪ ಪ್ಲೂಟೊಗೆ ಗ್ರಹದ ಪಟ್ಟ ಹೋಗಿತ್ತು. ಗಾಯದ ಮೇಲೆ ಬರೆ ಅಂದರೆ ಇದೇ.

ನಮ್ಮ ಮನೆ ಮಗಳು ಯಾರದೋ ಮನೆ ಕಾರ್ಯಕ್ಕೆ ಹೋಗಿ ಅಲ್ಲೇ ಸತ್ತಳು, ನಮಗೆ ಪೇಪರ್ ನೋಡಿ ಗೊತ್ತಾಯ್ತು. ನನಗೆ ಅನ್ನಿಸಿದ್ದು ಹಾಗೆ. ಬರೀ ವಾಯೇಜರ್ ಪುಸ್ತಕಗಳನ್ನು ಕೊಂಡು ಓದುತ್ತಿದ್ದವರು ಏನು ಮಾಡಬೇಕು?

ಯಾಕೆ ಹೀಗಾಯ್ತು ಅನ್ನೋದಕ್ಕೂ ಕಾರಣ ಇದೆ. ಇಂಥ ಕಾದಂಬರಿಗಳು ಬಾಡಿಗೆ ಮನೆ ಇದ್ದ ಹಾಗೆ. ಲೈಸೆನ್ಸ್ ಪಡೆದು ಬರೆಯೋದು, ಬರೆದದ್ದಕ್ಕೆ ಸ್ಟುಡಿಯೋ ಒಪ್ಪಿಗೆ ಬೇಕು. ತೆರೆಯ ಮೇಲೆ ಬಂದದ್ದು ಮಾತ್ರ ನಿಜವಾದ ಕಥೆ ಅನ್ನೋದು ಸ್ಟಾರ್ ಟ್ರೆಕ್‌ನ ಹಳೇ ನಿಯಮ. ಪುಸ್ತಕ ತೆರೆಗೆ ಎದುರಾಡೋ ಹಾಗಿಲ್ಲ, ತೆರೆ ಪುಸ್ತಕವನ್ನು ಲೆಕ್ಕಕ್ಕೆ ತಗೊಳ್ಳಬೇಕಂತಲೂ ಇಲ್ಲ. ಸೀರಿಯಲ್ ನಡೆಯುತ್ತಿದ್ದ ಕಾಲದಲ್ಲಿ ಬರೆದ ಪುಸ್ತಕಗಳಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯೋಕೂ ಆಗುತ್ತಿರಲಿಲ್ಲ. ಕೊನೆಯ ಪುಟದಲ್ಲಿ ಎಲ್ಲರೂ ಮೊದಲಿದ್ದ ಜಾಗದಲ್ಲೇ ಇರಬೇಕು. ಸರಣಿಯನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಜೆರಿ ಟೇಲರ್ ಬರೆದ "ಮೊಸಾಯಿಕ್" ಮಾತ್ರ ಬೇರೆ ಥರ. 1996ರ ಆ ಪುಸ್ತಕದಲ್ಲಿದ್ದ ಜೇನ್‌ವೇ ತಂದೆಯ ಸಾವು ಮುಂದೆ ಸೀರಿಯಲ್‌ನಲ್ಲೇ ಮಾತಿಗೆ ಬರುತ್ತೆ. ಮನೆ ಕಟ್ಟಿದವರೇ ಮೊಳೆ ಹೊಡೆದರೆ ಕೇಳೋರು ಯಾರು?

ಆಮೇಲೆ 2002ರಲ್ಲಿ "ನೆಮೆಸಿಸ್" ಸಿನಿಮಾ ಬಂದುಹೋಯಿತು, 2005ರಲ್ಲಿ "ಎಂಟರ್‌ಪ್ರೈಸ್" ಸೀರಿಯಲ್ ನಿಂತಿತು. ಪಿಕಾರ್ಡ್, ಜೇನ್‌ವೇ ಕಾಲದ ಮುಂದಿನ ಕಥೆ ತೆರೆಯ ಮೇಲೆ ಬರೋ ಸೂಚನೆ ಇರಲಿಲ್ಲ. ಮನೆಯ ಓನರ್ ಊರಲ್ಲಿಲ್ಲ. ಲೇಖಕರಿಗೂ ಸಂಪಾದಕರಿಗೂ ಮೊದಲ ಸಲ ಗೋಡೆ ಒಡೆಯೋ ಧೈರ್ಯ ಬಂತು. ಎಲ್ಲ ಸರಣಿಗಳ ಪುಸ್ತಕಗಳನ್ನು ಒಂದೇ ಕಾಲರೇಖೆಗೆ ಕಟ್ಟಿದರು. 2008ರ "ಡೆಸ್ಟಿನಿ" ಅನ್ನೋ ಮೂರು ಪುಸ್ತಕಗಳಲ್ಲಿ ಬೋರ್ಗ್ ದಾಳಿಗೆ 6,300 ಕೋಟಿ ಜನ ಸಾಯುತ್ತಾರೆ, ಕೊನೆಗೆ ಬೋರ್ಗ್ ಕಥೆಯೇ ಮುಗಿಯುತ್ತೆ. ಜೇನ್‌ವೇ ಸಾವು ಆ ದೊಡ್ಡ ಕಥೆಗೆ ಒಂದು ಮೆಟ್ಟಿಲಾಯ್ತು. "ಡೆಸ್ಟಿನಿ" ಚೆನ್ನಾಗಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೂ ಸ್ವಾತಂತ್ರ್ಯ ಸಿಕ್ಕ ಕೂಡಲೇ ಮಾಡಿದ ಕೆಲಸ ಮನೆಯ ಯಜಮಾನಿಯನ್ನು ಕೊಂದಿದ್ದು ಅನ್ನೋದು ನನಗೆ ಇವತ್ತಿಗೂ ಕಿರಿಕಿರಿ.

ಈಗ ಒಳ್ಳೆ ಸುದ್ದಿ. 2009ರಲ್ಲಿ ಕರ್ಸ್ಟನ್ ಬೇಯರ್ ಅನ್ನೋ ಲೇಖಕಿ "ಫುಲ್ ಸರ್ಕಲ್" ಬರೆದರು. ನೀವು ಶುರು ಮಾಡಬೇಕಾದದ್ದು ಇಲ್ಲಿಂದ. ಇವರು ಜೇನ್‌ವೇ ಸಾವನ್ನು ಮುಚ್ಚಿಡಲಿಲ್ಲ, ಅವಸರದಲ್ಲಿ ದಾಟಿಸಿಬಿಡಲೂ ಇಲ್ಲ. ಚಕೋಟೇ ವೆನಿಸ್‌ನಲ್ಲಿ ಅವರಿಗಾಗಿ ಕಾಯುತ್ತಾ ಇರುತ್ತಾನೆ. ಇಷ್ಟು ವರ್ಷ ಬಾಯಿಬಿಟ್ಟು ಹೇಳದ ಮಾತನ್ನು ಅಲ್ಲಿ ಹೇಳಬೇಕು ಅಂತ. ಅವರು ಬರೋದಿಲ್ಲ, ಸಾವಿನ ಸುದ್ದಿ ಬರುತ್ತೆ. ಆಮೇಲೆ ಅವನು ಹೇಗೆ ಕುಸಿಯುತ್ತಾನೆ, ಜೊತೆಯವರು ಹೇಗೆ ಅವನ ಹತ್ತಿರ ಹೋಗಲಾರದೆ ಒದ್ದಾಡುತ್ತಾರೆ, ಇದಕ್ಕೆಲ್ಲ ಪುಟಗಳನ್ನು ಕೊಟ್ಟಿದ್ದಾರೆ. ಟಾಮ್ ಮತ್ತು ಅವನ ಹೆಂಡತಿ ಬೆಲಾನಾ ತಮ್ಮ ಮಗಳನ್ನು ಕಾಪಾಡಿಕೊಳ್ಳೋಕೆ ಪಡೋ ಪಾಡು ಇದೆ. ಸೀರಿಯಲ್‌ನ ಕೊನೆಯಲ್ಲಿ ಸೆವೆನ್‌ಗೂ ಚಕೋಟೇಗೂ ಇದ್ದಕ್ಕಿದ್ದಂತೆ ಗಂಟು ಹಾಕಿದ್ದರಲ್ಲ, ನಿಮಗೂ ವಿಚಿತ್ರ ಅನ್ನಿಸಿರಬೇಕು. ಕಾದಂಬರಿಗಳು ಆ ಗಂಟನ್ನು ಬೇಗನೆ ಬಿಚ್ಚಿಬಿಟ್ಟವು, ಪುಣ್ಯ. "ಹೋಮ್‌ಕಮಿಂಗ್" ಅನ್ನೋ ಹೆಸರಿನ ಪುಸ್ತಕದಲ್ಲಿ ಸಿಗದ ಮನೆ ನನಗೆ ಸಿಕ್ಕಿದ್ದು ಇಲ್ಲಿ, ಅದೂ ಸಾವಿನ ಮನೆಯಾಗಿ. ಕಥೆಯ ಕೊನೆಗೆ ವಾಯೇಜರ್ ಒಂಬತ್ತು ಹಡಗುಗಳ ತಂಡದಲ್ಲಿ ಮೊದಲು ಸಿಕ್ಕಿಬಿದ್ದಿದ್ದ ಅದೇ ದೂರದ ಡೆಲ್ಟಾ ಕ್ವಾಡ್ರಂಟ್‌ಗೆ ಮತ್ತೆ ಹೊರಡುತ್ತೆ. ಈ ಸಲ ತಾವಾಗಿಯೇ.

2012ರ "ದ ಎಟರ್ನಲ್ ಟೈಡ್"ನಲ್ಲಿ ಜೇನ್‌ವೇ ವಾಪಸ್ ಬರುತ್ತಾರೆ. ಹೇಗೆ ಅಂತ ಹೇಳಲ್ಲ. ನನಗೆ ಖುಷಿಯಾಯ್ತು. "ಸತ್ತವರನ್ನು ಎಬ್ಬಿಸಿದರೆ ಸಾವಿಗೇನು ಬೆಲೆ" ಅಂತ ಗೊಣಗಿದ ಗೆಳೆಯನೂ ನನಗಿದ್ದಾನೆ. ಜೇನ್‌ವೇ ಸತ್ತಾಗಲೂ ಅವನು ಗೊಣಗಿದ್ದ.

ಇಷ್ಟಾದರೂ ಬೇಸರ ಮುಗಿಯಲ್ಲ. 2018ರಲ್ಲಿ "ಆರ್ಕಿಟೆಕ್ಟ್ಸ್ ಆಫ್ ಇನ್ಫಿನಿಟಿ" ಬಂತು. ಒಂದು ಹಡಗಿನ ಗತಿ ಏನಾಯ್ತು ಅನ್ನೋದನ್ನು ಗಾಳಿಯಲ್ಲಿ ಬಿಟ್ಟು ಅದು ನಿಂತಿತು. ಮುಂದಿನ ಪುಸ್ತಕ "ಟು ಲೂಸ್ ದ ಅರ್ಥ್" ಬಂದದ್ದು 2020ರಲ್ಲಿ. ಅಷ್ಟರಲ್ಲಿ ಮನೆಯ ಓನರ್ ವಾಪಸ್ ಬಂದಿದ್ದರು. 2020ರ ಜನವರಿಯಲ್ಲಿ "ಪಿಕಾರ್ಡ್" ಸೀರಿಯಲ್ ಶುರುವಾಯ್ತು. ಅದರ ಸೆವೆನ್ ಬೇರೆ, ಪುಸ್ತಕದ ಸೆವೆನ್ ಬೇರೆ. ಪುಸ್ತಕಗಳಲ್ಲಿ ಬೆಳೆದು ದೊಡ್ಡವನಾಗುತ್ತಿದ್ದ ಇಚೆಬ್ ತೆರೆಯ ಮೇಲೆ ಘೋರವಾಗಿ ಸತ್ತ. ಹದಿನೈದು ಇಪ್ಪತ್ತು ವರ್ಷ ಕಟ್ಟಿದ ಕಾಲರೇಖೆ ಒಂದೇ ಸೀಸನ್‌ನಲ್ಲಿ "ನಡೆದೇ ಇಲ್ಲ" ಅಂತಾಯ್ತು. ಆ ಸೀರಿಯಲ್ ಹುಟ್ಟುಹಾಕಿದವರ ಸಾಲಿನಲ್ಲಿ ಯಾರ ಹೆಸರಿದೆ ಗೊತ್ತಾ? ಇದೇ ಕರ್ಸ್ಟನ್ ಬೇಯರ್. ಬಾಡಿಗೆಗಿದ್ದವರು ಓನರ್ ಕಡೆಯವರಾಗಿ ಬಂದು ತಾವೇ ಬಳಿದ ಸುಣ್ಣ ಕೆರೆದ ಹಾಗೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೈಯಲ್ಲಿ ಇಟ್ಟುಕೊಂಡಿದ್ದ ಕಥೆಗೆ ಕೊನೆಯ ಪುಸ್ತಕ ಬರೆದು ಮುಗಿಸಿಕೊಟ್ಟೇ ಹೋದರು, ಅದು ದೊಡ್ಡ ಮಾತು.

2021ರಲ್ಲಿ "ಕೋಡಾ" ಅಂತ ಮೂರು ಪುಸ್ತಕ ಬಂದವು. ಕಾದಂಬರಿಗಳ ಲೋಕಕ್ಕೆ ಅಲ್ಲಿಯ ಲೇಖಕರೇ ಮಾಡಿದ ತಿಥಿ. ಈ ಕಾಲರೇಖೆ ಒಂದು ಕವಲು, ಇದು ಉಳಿದರೆ ಬೇರೆಲ್ಲ ಲೋಕಗಳಿಗೆ ಅಪಾಯ, ಹಾಗಾಗಿ ಇದನ್ನು ಅಳಿಸಬೇಕು ಅನ್ನೋದು ಕಥೆ. ಸುಮ್ನೆ ಬಾಗಿಲು ಹಾಕಿಕೊಂಡು ಹೋಗಿದ್ದರೆ, ಆ ಜನ ಎಲ್ಲೋ ಚೆನ್ನಾಗಿದ್ದಾರೆ ಅಂದುಕೊಂಡು ನಾವು ಇರುತ್ತಿದ್ದೆವು. ಗೌರವದಿಂದ ಕಳಿಸಿಕೊಡಬೇಕು ಅಂತ ಅವರಿಗೆ ಅನ್ನಿಸಿತು. ಅದಕ್ಕೇ ಇಷ್ಟ ಪಟ್ಟವರೂ ಇದ್ದಾರೆ.

ನೀವು ಕೇಳಿದ್ದಕ್ಕೆ ನನ್ನ ಕ್ರಮ ಇದು. "ಹೋಮ್‌ಕಮಿಂಗ್" ಜೋಡಿಯನ್ನು ಕುತೂಹಲ ಇದ್ದರೆ ಮಾತ್ರ ಓದಿ. "ಬಿಫೋರ್ ಡಿಸಾನರ್" ಬಿಡಿ, ಏನಾಯ್ತು ಅಂತ ಮೇಲೆ ಹೇಳಿಬಿಟ್ಟಿದ್ದೇನೆ. "ಡೆಸ್ಟಿನಿ" ಓದಿದರೆ ಒಳ್ಳೆಯದು, ಯಾಕಂದರೆ "ಫುಲ್ ಸರ್ಕಲ್" ಕಥೆ ಅದನ್ನು ದಾಟಿಕೊಂಡು ಹೋಗುತ್ತೆ. ಆಮೇಲೆ "ಫುಲ್ ಸರ್ಕಲ್"ನಿಂದ "ಟು ಲೂಸ್ ದ ಅರ್ಥ್" ತನಕ ಸಾಲಾಗಿ ಹತ್ತು ಪುಸ್ತಕ. ಮಧ್ಯದಲ್ಲಿ ಒಂದೆರಡು ಎಳೆದಾಡುತ್ತವೆ, ತಾಳ್ಮೆ ಇರಲಿ. "ಕೋಡಾ" ನಾನು ಮೊದಲ ಭಾಗ ಓದಿ ನಿಲ್ಲಿಸಿದ್ದೇನೆ. ಉಳಿದೆರಡು ಕಪಾಟಿನಲ್ಲಿವೆ. ನೀವು ಓದಿದರೆ ಇಲ್ಲಿ ಬಂದು ಹೇಗಿದೆ ಅಂತ ಬರೆಯಿರಿ. ಹ್ಯಾರಿ ಏನಾದ ಅಂತ ಮಾತ್ರ ಹೇಳಬೇಡಿ.